ಬಾಣಕ್ಕೆ ಎದುರಾಗಿ ಒಂದು ಸುತ್ತು

ಮಾನ್ಯ ಉದ್ಯಾನ ಅಧಿಕಾರಿಗಳೇ,

ಕೊಳದ ಉದ್ಯಾನದ ನಡಿಗೆ ದಾರಿಯಲ್ಲಿ ತಾವು ಬರೆಸಿರುವ ಹಳದಿ ಬಾಣಗಳು ನನ್ನ ನಡಿಗೆಯನ್ನೇ ನಿಲ್ಲಿಸಿವೆ. ಸುತ್ತಿ ಬಳಸಿ ಹೇಳುವ ಚೈತನ್ಯ ನನ್ನಲ್ಲಿ ಉಳಿದಿಲ್ಲ, ಹಾಗಾಗಿ ದೂರನ್ನು ಮೊದಲೇ ಹೇಳಿಬಿಟ್ಟೆ. ಮಿಕ್ಕಿದ್ದನ್ನು ತಾವು ಚಹಾ ಕುಡಿಯುತ್ತ ಓದಿದರೂ ನಡೆಯುತ್ತದೆ.

ನಾನು ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಕೂಗಿ ಗಂಟಲು ಕೆಡಿಸಿಕೊಂಡವಳು. ನಿವೃತ್ತಿಯಾದ ಮೇಲೂ ಚಟ ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಮೊದಲು ಮಂಡಿ ದೂರು ಹೇಳುತ್ತಿತ್ತು, ಆಮೇಲೆ ಸೊಂಟ, ಆಮೇಲೆ ಕತ್ತು. ಎಲ್ಲರದ್ದನ್ನೂ ಕೇಳಿಸಿಕೊಂಡು, ಯಾರ ಮಾತಿಗೂ ಸೊಪ್ಪು ಹಾಕದೆ, ಕಿಟಕಿಯ ಸರಳು ಹಿಡಿದು ಬಸ್ಕಿ ಹೊಡೆದು, ಗೋಡೆಗೆ ಕೈಯೊತ್ತಿ ಬೆನ್ನು ಸಡಿಲ ಮಾಡಿಕೊಂಡು ಉದ್ಯಾನಕ್ಕೆ ಬರುತ್ತಿದ್ದೆ. ವಯಸ್ಸಾಯಿತೆಂದು ಮೈಗೆ ಒಮ್ಮೆ ರಜೆ ಕೊಟ್ಟರೆ ಅದು ಮತ್ತೆ ಕೆಲಸಕ್ಕೆ ಬರುವುದಿಲ್ಲ ಎಂಬುದು ನನ್ನ ಅನುಭವ.

ಹೋದ ವರ್ಷ ನನಗೆ ಪಾರ್ಶ್ವವಾಯು ಹೊಡೆಯಿತು. ಬಲಗಾಲು ಅರ್ಧ ವಾಪಸ್ ಬಂದಿದೆ. ಬಲಗೈ ಹೆಸರಿಗಷ್ಟೇ ನನ್ನದು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹೆಣ್ಣುಮಗಳು ಮನೆಗೆ ಕಳಿಸುವಾಗ ಹೇಳಿದಳು: "ಮನುಷ್ಯರ ಕೈ ಹಿಡ್ಕೊಂಡು ನಡೀಬೇಡಿ ಅಮ್ಮ. ಭಾರ ಎಲ್ಲ ಅವ್ರ ಮೇಲೆ ಬಿಡ್ತೀರ, ಕಾಲು ಸೋಮಾರಿ ಆಗುತ್ತೆ. ಅಲ್ಲಾಡದೇ ಇರೋದನ್ನ ಹಿಡ್ಕೊಂಡು ನಡೀರಿ, ದಿನಾ ನಡೀರಿ."

ನಮ್ಮ ಬಡಾವಣೆಯಲ್ಲಿ ಅಲ್ಲಾಡದೇ ಇರುವುದೆಂದರೆ, ತಮ್ಮ ಕಚೇರಿಯನ್ನು ಬಿಟ್ಟರೆ, ಕೊಳದ ಸುತ್ತಲಿನ ಕಬ್ಬಿಣದ ಕಂಬಿ ಮಾತ್ರ. ದಾರಿಯ ಒಂದು ಮಗ್ಗುಲಿಗೆ ಆ ಕಂಬಿ, ಇನ್ನೊಂದು ಮಗ್ಗುಲಿಗೆ ಬರೀ ಗಿಡಗಳು. ಕಂಬಿ ಎಡಗಡೆ ಬರುವಂತೆ ಸುತ್ತಿದರೆ ಎಡಗೈಯಲ್ಲಿ ಹಿಡಿದು ಹೇಗೋ ನಡೆಯಬಲ್ಲೆ. ಹಾಗೇ ನಡೆಯುತ್ತಿದ್ದೆ. ಅಷ್ಟರಲ್ಲಿ ಫೋನ್ ನೋಡುತ್ತ ನಡೆಯುವ ಇಬ್ಬರು ಎದುರುಬದುರು ಡಿಕ್ಕಿ ಹೊಡೆದುಕೊಂಡರಂತೆ. ಫೋನುಗಳಿಗೆ ಏನೂ ಆಗಲಿಲ್ಲವಂತೆ, ಸಂತೋಷ. ಆದರೆ ಇನ್ನು ಮುಂದೆ ಎಲ್ಲರೂ ಕೊಳ ಬಲಗಡೆ ಬರುವಂತೆಯೇ ಸುತ್ತಬೇಕು ಎಂದು ತಮ್ಮ ಆಜ್ಞೆಯಾಯಿತು. ಕಂಬಿ ನನ್ನ ಕೆಲಸಕ್ಕೆ ಬಾರದ ಕೈಯ ಕಡೆಗೆ ಹೋಯಿತು.

"ಅಮ್ಮಾ, ಉಲ್ಟಾ ಬರ್ತಿದೀರ, ತಿರುಗಿ" ಎಂದ ಕಾವಲುಗಾರ.

"ಆ ಕಡೆ ಹೋದ್ರೆ ಹಿಡ್ಕೊಳಕ್ಕೆ ಕೈ ಇಲ್ಲಪ್ಪ."

"ನಂಗೆ ಗೊತ್ತಾಗುತ್ತೆ ಅಮ್ಮ. ಕ್ಯಾಮೆರಾಕ್ಕೆ ಗೊತ್ತಾಗಲ್ವಲ್ಲ."

ತಮ್ಮ ಕಚೇರಿಗೂ ಬಂದಿದ್ದೆ. ಮಹಡಿ ಹತ್ತಲಾಗದೆ ಕೆಳಗೇ ಕುಳಿತೆ. ಕೆಳಗಿಳಿದು ಬಂದ ಗುಮಾಸ್ತರು, "ಒಬ್ಬರಿಗೋಸ್ಕರ ದಿಕ್ಕು ಬದಲಾಯಿಸಕ್ಕಾಗುತ್ತಾ? ಮುಂದಿನ ವರ್ಷ ಆ ಕಡೆಗೂ ಕಂಬಿ ಹಾಕೋದ್ರ ಬಗ್ಗೆ ಯೋಚನೆ ಮಾಡೋಣ" ಎಂದರು. ನನ್ನ ಕಾಲು ಮುಂದಿನ ವರ್ಷದವರೆಗೆ ಕಾಯುತ್ತದೆಯೇ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆಗ ನಮ್ಮ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಅವರು ಬಸ್ಸು ಓಡಿಸುತ್ತಿದ್ದವರು, ಒನ್ ವೇ ಎಂದರೆ ಅವರಿಗೆ ವೇದವಾಕ್ಯ. "ರೂಲ್ಸ್ ಮುರಿಯೋದು ಬೇಡ ಕಣೇ. ಬಾಣ ಹೇಳಿದ ಕಡೆಗೇ ಹೋಗು, ಆದ್ರೆ ರಿವರ್ಸ್‌ನಲ್ಲಿ ಹೋಗು. ಕಂಬಿ ಎಡಗಡೆಗೇ ಬರುತ್ತೆ." ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ನೋಡಿದೆ. ಹೌದು, ಬರುತ್ತದೆ.

ಮರುದಿನದಿಂದ ನಾನು ಹಿಂದುಹಿಂದಕ್ಕೆ ಹೆಜ್ಜೆ ಹಾಕುವುದು, ಅವರು ನನ್ನ ಬೆನ್ನ ಹಿಂದೆ ತಮ್ಮ ಸೊಂಟ ಹಿಡಿದುಕೊಂಡು "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಹಾಂ, ಬರ್ಲಿ" ಎನ್ನುವುದು. ಹೋಗುತ್ತಿದ್ದದ್ದು ಬಾಣದ ದಿಕ್ಕಿನಲ್ಲೇ ಆದ್ದರಿಂದ ಕಾವಲುಗಾರ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ. ಜನ ನಕ್ಕರು. ನಾನೂ ನಕ್ಕೆ, ಕಾಯಿಲೆ ಬಿದ್ದಮೇಲೆ ಅದೇ ಮೊದಲು. ಒಂದು ಬೆಳಿಗ್ಗೆ ಯಜಮಾನರಿಗೆ ಬೆನ್ನು ಹಿಡಿದುಕೊಂಡಿತು, "ಬರ್ಲಿ" ಎನ್ನಬೇಕಾದವರು "ಅಯ್ಯೋ" ಎಂದರು. ಏನಾಯಿತೋ ಎಂದು ಗಾಬರಿಯಿಂದ ಕಂಬಿ ಬಿಟ್ಟು ತಿರುಗಿದೆ, ಬಿದ್ದೆ. ಬಿದ್ದದ್ದು ಇದ್ದ ಒಂದು ಕೈಯ ಮೇಲೆ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು.

ಎರಡು ಕೈಯೂ ಇಲ್ಲದೆ ಕಳೆದ ಆ ವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೀರಿಂಗ್ ಹಿಡಿದ ಕೈಯಲ್ಲಿ ಅವರು ನನ್ನ ತಲೆ ಬಾಚಿದರು, ಊಟ ಮಾಡಿಸಿದರು, ಬಚ್ಚಲಿಗೆ ಕರೆದೊಯ್ದರು. ಅಲ್ಲಿ ನಾನು ಅತ್ತೆ. ನಾಚಿಕೆಗಲ್ಲ, ಸಾಕಾಗಿ ಹೋಗಿತ್ತು.

ತಮ್ಮ ಇಲಾಖೆ ಸುಮ್ಮನೆ ಕೂರಲಿಲ್ಲ. ನಾನು ಬಿದ್ದ ವಾರದಲ್ಲೇ ಹೊಸ ಬೋರ್ಡು ಬಂತು: 'ಹಿಮ್ಮುಖವಾಗಿ ನಡೆಯುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.' ತಮ್ಮಲ್ಲಿ ಇಷ್ಟೊಂದು ವೇಗವಿದೆಯೆಂದು ನನಗೆ ತಿಳಿದಿರಲಿಲ್ಲ. ನನಗೆ ಆರಾಮಾಗಿ ಬೀಳಲು ಒಂದು ಜಾಗ ಗೊತ್ತುಮಾಡಿ, ಅಲ್ಲಿಗೂ ಒಂದು ಬಾಣ ಬರೆಸುತ್ತೀರಾ? ಎಡಗಾಲು ಮೊದಲೋ ಬಲಗಾಲು ಮೊದಲೋ ಎಂಬ ಆಜ್ಞೆ ಯಾವಾಗ ಬರುತ್ತದೆ? ಆರೋಗ್ಯಕ್ಕಾಗಿ ನಡೆಯಿರಿ ಎಂದು ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೀರಲ್ಲ, ಅದು ಯಾರ ಆರೋಗ್ಯಕ್ಕೆ? ಆರೋಗ್ಯವಾಗಿರುವವರದಕ್ಕೆ ಮಾತ್ರವೇ?

ಇದನ್ನು ನಾನು ಹೇಳುತ್ತಿದ್ದೇನೆ, ಯಜಮಾನರು ಬರೆಯುತ್ತಿದ್ದಾರೆ. "ದೊಡ್ಡೋರಿಗೆ ಹಿಂಗೆಲ್ಲ ಬರೀಬಾರ್ದು ಕಣೇ" ಎಂದು ನಡುನಡುವೆ ಬ್ರೇಕ್ ಹಾಕುತ್ತಿದ್ದಾರೆ. ಬರೀರಿ ಎಂದಿದ್ದೇನೆ. ಮಣಿಕಟ್ಟಿನ ಪಟ್ಟಿ ಬಿಚ್ಚಿಯಾಗಿದೆ. ಈಗ ಭಯವಿರುವುದು ಕಾಲಿನ ಬಗ್ಗೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎಂದಾದ ಮೇಲೆ ಅದು ಮತ್ತೆ ಎಳೆಯತೊಡಗಿದೆ. ಅರ್ಧ ಬಂದದ್ದು ಹಾಗೇ ವಾಪಸ್ ಹೋಗಲೂಬಹುದು ಎಂದು ಆಸ್ಪತ್ರೆಯವರು ಹೇಳಿದ್ದಾರೆ.

ಹೊಸ ಕಂಬಿ ಕೇಳುವುದಿಲ್ಲ. ಅದು ಬರುವ ಹೊತ್ತಿಗೆ ಹಿಡಿದುಕೊಳ್ಳಬೇಕಾದವಳು ಎದ್ದು ನಿಲ್ಲುವಂತಿರಬೇಕಲ್ಲ. ದಿನಕ್ಕೆ ಒಂದು ಗಂಟೆ, ಬೆಳಿಗ್ಗೆ ಜನ ಕಡಿಮೆ ಇರುವಾಗ, ಆ ಬಾಣಗಳಿಗೆ ರಜೆ ಕೊಡಿ. ಕೊಡದಿದ್ದರೂ ಬರುವ ಸೋಮವಾರ ನಾನು ಬಾಣಕ್ಕೆ ಎದುರಾಗಿ, ಮುಖ ಮುಂದಿಟ್ಟುಕೊಂಡೇ ನಡೆಯುತ್ತೇನೆ. ತಡೆಯುವುದಾದರೆ ಆ ಬಡಪಾಯಿ ಕಾವಲುಗಾರನನ್ನು ಕಳಿಸಬೇಡಿ, ತಾವೇ ಬನ್ನಿ. ಕಂಬಿಯಿಂದ ನನ್ನ ಕೈ ಬಿಡಿಸುವ ಮೊದಲು ತಮ್ಮ ಕೈ ಕೊಡಿ. ಬಿಟ್ಟರೆ ಬೀಳುತ್ತೇನೆ.

ಇಂತಿ,
ಮುಂದಕ್ಕೂ ಹಿಂದಕ್ಕೂ ಅಪ್ಪಣೆಯಿಲ್ಲದ
ಒಬ್ಬ ಮಾಜಿ ಡ್ರಿಲ್ ಟೀಚರ್