ಪುಂಡಿಪಲ್ಯಕ್ಕೆ ಉಪ್ಪು ಕಡಿಮೆ

ಜೀಡಿಮೆಟ್ಲಾ, ಹೈದರಾಬಾದ್
ಏಪ್ರಿಲ್ ೨೦, ಭಾನುವಾರ

ಪ್ರೀತಿಯ ಅವ್ವಾ,

ನಿನ್ನ ಬರಿಗಾಲುಗಳಿಗೆ ನಿನ್ನ ಮಗ ಹುಲಗೇಶನ ನಮಸ್ಕಾರ. ಹೇಗಿದ್ದೀ? ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಿದ್ದೀಯೋ, ಇಲ್ಲಾ ಗಂಗಾಳ ಕಣ್ಣು ತಪ್ಪಿಸಿ ಒಲೆಗೆ ಹಾಕುತ್ತಿದ್ದೀಯೋ? ಹಿಮ್ಮಡಿಯ ಹುಣ್ಣು ಒಣಗಿತೇ? ಈ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು ಎಂದು ಅಲ್ಲಿನ ಡಾಕ್ಟರು ಎಷ್ಟು ಸಲ ಹೇಳಿದರೂ ನೀನು ಕೇಳುವ ಪೈಕಿ ಅಲ್ಲ. ನನ್ನ ಸಲುವಾಗಿ ಹುಲಿಗೆಮ್ಮನಿಗೆ ಹರಕೆ ಹೊತ್ತು ಚಪ್ಪಲಿ ಬಿಟ್ಟವಳು ನೀನು. ಈ ಬಿಸಿಲಲ್ಲಿ ನೀನು ಅಂಗಡಿಗೆ, ನೀರಿಗೆ ಓಡಾಡುವುದನ್ನು ನೆನೆದರೆ ಇಲ್ಲಿ ನನ್ನ ಅಂಗಾಲು ಸುಡುತ್ತದೆ.

ಫೋನ್ ಬಿಟ್ಟು ಪತ್ರ ಯಾಕೆ ಎನ್ನುತ್ತೀಯಾ? ಫೋನಿನಲ್ಲಿ ನಿನ್ನದು ಒಂದೇ ಮಾತು, "ಬೆನ್ನುಬ್ಯಾನಿ ಹೋತೇನಪಾ?" ಬೆನ್ನುನೋವು ಹೋಗಿಲ್ಲ ಎಂದರೆ ಅಳುತ್ತೀ. ಅಳು ಶುರುವಾದ ಮೇಲೆ ನಾನು ಏನು ಹೇಳಲಿ? ಪತ್ರವಾದರೆ ಗಂಗಾ ಪೂರ್ತಿ ಓದಿ ಹೇಳುತ್ತಾಳೆ, ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ತಂಗೀ, ನಿಧಾನವಾಗಿ ಓದವ್ವಾ, ನಿನಗೇನೂ ಬಸ್ಸು ತಪ್ಪುವುದಿಲ್ಲ.

ಅವ್ವಾ, ಸುದ್ದಿ ಇದೆ! ದೊಡ್ಡ ಸುದ್ದಿ! ನಿನ್ನೆ ಮಧ್ಯಾಹ್ನ ನಿನ್ನ ಸೊಸೆ ಭಾಗ್ಯಶ್ರೀ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಒಂದು ತುತ್ತು ಬಾಯಿಗೆ ಇಟ್ಟೆನೋ ಇಲ್ಲವೋ, ಮಾತು ತಾನಾಗಿ ಹೊರಬಿತ್ತು, "ಏನಿದು, ಪಲ್ಯಕ್ಕ ಉಪ್ಪ ಇಲ್ಲ! ನಮ್ಮವ್ವ ಮಾಡಿದ್ರ ತಾಟು ನೆಕ್ಕೂ ಹಂಗ ಇರತಿತ್ತು." ಹಿಂದೆಲ್ಲ ಹೀಗೆ ಅಂದಿದ್ದರೆ ಸೌಟು ನನ್ನ ಕಡೆ ಹಾರಿ ಬರುತ್ತಿತ್ತು. ನಿನ್ನೆ ಅವಳು ದಡಬಡ ಎದ್ದು ಹೊರಗೆ ಓಡಿದಳು. ಪಕ್ಕದ ಮನೆಯ ಸುಗಲಮ್ಮನಿಗೆ ಕೂಗಿ ಹೇಳುವುದು ನನಗೆ ಒಳಗೇ ಕೇಳಿಸಿತು, "ಅಕ್ಕಾ, ನಮ್ಮನಿಯವ್ರು ಉಪ್ಪಿಲ್ಲ ಅಂದ್ರ ಅಕ್ಕಾ! ನನಗ ಬೈದ್ರು!" ಗಂಡ ಬೈದನೆಂದು ಓಣಿಗೆಲ್ಲ ಸಕ್ಕರೆ ಹಂಚಿದ ಹೆಂಗಸನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ತೆಲುಗಿನವರು, ಹಿಂದಿಯವರು ಎಲ್ಲರೂ ಬಾಗಿಲಿಗೆ ಬಂದು ನನ್ನನ್ನು ಮದುಮಗನನ್ನು ನೋಡಿದ ಹಾಗೆ ನೋಡಿ ಹೋದರು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಜೋರಾಗಿ ನಕ್ಕೆ ಅವ್ವಾ, ಬೆನ್ನು ಹಿಡಿದುಕೊಂಡು ನಕ್ಕೆ!

ಉಪ್ಪಿನ ಮಾತು ದೊಡ್ಡ ಸುದ್ದಿಯೇ ಎಂದು ಮೂಗು ಮುರಿಯಬೇಡ. ಕಟ್ಟಡದ ಸಾರವೆಯಿಂದ ಬಿದ್ದ ಮೇಲೆ ನನಗೆ ಉಪ್ಪು, ಹುಳಿ ಯಾವುದೂ ಗೊತ್ತಾಗುತ್ತಿರಲಿಲ್ಲ. ತಾಟಿನಲ್ಲಿ ಹಾಕಿದ್ದನ್ನು ತಿನ್ನುವುದು, ಗೋಡೆಗೆ ಮುಖ ಮಾಡಿ ಮಲಗುವುದು, ಇಷ್ಟೇ. ಊರಿಗೆ ಬಂದಾಗಲೂ ಹಾಗೇ ಇದ್ದೆನಲ್ಲ, ನೀನೇ ನೋಡಿದ್ದೀ. ಬದುಕುವುದೇ ಬೇಡ ಎನಿಸಿದ ದಿನಗಳೂ ಇದ್ದವು. ಈಗ ಹಾಗೆ ಅನಿಸುವುದಿಲ್ಲ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಗಂಗಾ, ಇಲ್ಲಿ ಸ್ವಲ್ಪ ನಿಲ್ಲಿಸಿ ಅವ್ವನಿಗೆ ನೀರು ಕೊಡು.

ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ನೀಲಾ ಎಂಬ ಡಾಕ್ಟರಮ್ಮ ಸಿಕ್ಕರು, ಧಾರವಾಡದ ಕಡೆಯವರು. ಅಷ್ಟು ದಿನ ನಾನು ನನ್ನ ಸಂಕಟವನ್ನು ಹರುಕು ಹಿಂದಿಯಲ್ಲಿ ಹೇಳಿ ಹೇಳಿ ಸೋತಿದ್ದೆ. ಇವರು "ಏನಾಗೇತ್ರಿ ಅಣ್ಣಾರ?" ಎಂದು ಕೇಳಿದ್ದೇ ತಡ, ಗಳಗಳ ಅತ್ತುಬಿಟ್ಟೆ. ಬೆನ್ನಿನ ನರಕ್ಕೆ ಪೆಟ್ಟು ಬಿದ್ದಿದೆ, ಅದರ ಜೊತೆ ಮನಸ್ಸಿಗೂ ಕಾಯಿಲೆ ಬಂದಿದೆ, ಎರಡಕ್ಕೂ ಔಷಧಿ ಬೇಕು ಎಂದರು. ಊರಲ್ಲಿ ಯಾರಾದರೂ ಹುಚ್ಚರ ಗುಳಿಗೆ ಎಂದರೆ, ನಿನ್ನ ಸಕ್ಕರೆಯ ಗುಳಿಗೆ ಹೇಗೋ ನನ್ನದೂ ಹಾಗೇ ಎಂದು ಹೇಳು. ಇನ್ನೊಂದು ಮಾತನ್ನೂ ಅವರು ಮುಚ್ಚಿಡದೆ ಹೇಳಿದರು, "ಬ್ಯಾನಿ ಪೂರ್ತಿ ಹೋಗೂದಿಲ್ರಿ. ಅದು ಹೋದ ಮ್ಯಾಲೆ ಬದುಕತೀನಿ ಅಂತ ಕಾಯ್ಕೋತ ಕುಂದರಬ್ಯಾಡ್ರಿ." ಮೊದಲು ಸಿಟ್ಟು ಬಂತು. ಈಗ ನೋಡಿದರೆ ಆ ಮಾತೇ ನನ್ನನ್ನು ಎಬ್ಬಿಸಿ ಕೂರಿಸಿತು.

ನೋವು ಪೂರ್ತಿ ಹೋಗುವುದಿಲ್ಲ ಎಂಬುದನ್ನು ನಿನಗೆ ಹೇಳಲು ನಾವು ಹೆದರಿದ್ದೆವು. ಅದಕ್ಕೇ ಹೋದ ವರ್ಷ ಭಾಗ್ಯಶ್ರೀ ನಿನ್ನ ಕಾಲಿಗೆ ಚಪ್ಪಲಿ ಬರಲೆಂದು, ಬೆನ್ನುನೋವು ಹೋಯಿತು ಅತ್ತೀ ಎಂದು ಸುಳ್ಳು ಹೇಳಿದ್ದು. ನೀನು ಕಮ್ಮಿಯೇ! ಸಂತೋಷದಿಂದ ಚಪ್ಪಲಿ ಮೆಟ್ಟಿದೆ ನಿಜ, ಆದರೆ ಮೆಟ್ಟಿದವಳೇ "ಹಂಗಾದ್ರ ಅಮಾಸಿಗೆ ಬಾ ಅನ್ನು, ದೀಡ ನಮಸ್ಕಾರ ಹಾಕಿ ಹೋಗಲಿ" ಎಂದೆ. ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಗುಡಿಯ ತನಕ ಅಡ್ಡಬಿದ್ದು ಏಳುತ್ತಾ ಹೋಗಬೇಕು. ಬೆನ್ನು ಕೆಟ್ಟ ಮಗನ ಹೆಸರಲ್ಲಿ ಹೊರುವ ಹರಕೆಯೇನವ್ವಾ ಅದು? ಭಾಗ್ಯಶ್ರೀ ಗಾಬರಿಯಾಗಿ ನಿಜ ಒದರಿದಳು. ನಿನ್ನ ಚಪ್ಪಲಿ ಅವತ್ತೇ ಮತ್ತೆ ಮೂಲೆ ಸೇರಿತು.

ಇರಲಿ. ನಾಳೆಯಿಂದ ನಾನು ಕೆಲಸಕ್ಕೆ ಹೋಗುತ್ತೇನೆ! ಮೇಸ್ತ್ರಿ ನರಹರಿ ಮಣಿಕೊಂಡದ ಕಟ್ಟಡದಲ್ಲಿ ಸಾಮಾನು ಕೋಣೆ ನೋಡಿಕೊಳ್ಳಲು ಕರೆದಿದ್ದಾನೆ. ಭಾರ ಎತ್ತುವುದಿಲ್ಲ, ಸಾರವೆ ಹತ್ತುವುದಿಲ್ಲ. ಕೂತು ಸಾಕಾದರೆ ನಿಲ್ಲಬಹುದು, ನಿಂತು ಸಾಕಾದರೆ ಕೂರಬಹುದು. ಕೆಲವು ದಿನ ಹೋಗಲು ಆಗದೇ ಇರಬಹುದು, ಅದನ್ನೂ ಅವನಿಗೆ ಹೇಳಿದ್ದೇನೆ. ಬೆಳಿಗ್ಗೆಯಿಂದ ಭಾಗ್ಯಶ್ರೀ ನನ್ನ ಅಂಗಿಯನ್ನು ಮೂರು ಸಲ ಇಸ್ತ್ರಿ ಮಾಡಿದ್ದಾಳೆ.

ಗುಡಿಯ ಪೂಜಾರಿ ಅಮರಯ್ಯಜ್ಜನವರಿಗೆ ನನ್ನ ಶರಣು ತಿಳಿಸು. ಗಂಗಾ, ನಿನಗೆ ಅಣ್ಣನ ಆಶೀರ್ವಾದ, ಅವ್ವನ ಗುಳಿಗೆಯ ಮೇಲೆ ಒಂದು ಕಣ್ಣಿರಲಿ. ಹುಲಿಗೆಮ್ಮ ನಿಮ್ಮಿಬ್ಬರನ್ನೂ ತಣ್ಣಗಿಡಲಿ.

ನಿನ್ನ ಮಗ,
ಹುಲಗೇಶ

ತಾಜಾ ಕಲಂ: ಊರಿಗೆ ಹೊರಟ ಮೌನಪ್ಪ ಮಾವ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ನಿನ್ನೆ ಸಂಜೆ ಫೋನಿನಲ್ಲಿ ಉಪ್ಪಿನ ಕಥೆ ಕೇಳಿ ಗಂಗಾ ಚೀರಿದಳು. ನೀನು ಹರಕೆ ಹೊತ್ತ ದಿನ ಗುಡಿಯಲ್ಲಿ ನಿನ್ನ ಪಕ್ಕದಲ್ಲೇ ನಿಂತವಳು ಅವಳು. ನೀನು ಬೇಡಿದ್ದು ಹೀಗಂತೆ: "ತಾಯಿ, ಇವ ಮೊದಲಿನಂಗ ನಮ್ಮ ಕೂಡ ಜಗಳಾಡಲಿ. ಅಲ್ಲೀತನಕ ಚಪ್ಪಲ್ ಮೆಟ್ಟಂಗಿಲ್ಲ." ಅದರಲ್ಲಿ ಬೆನ್ನಿನ ಮಾತೇ ಇಲ್ಲ ಅವ್ವಾ! ನೀನೂ ಮರೆತೆ, ನಾವೂ ಮರೆತೆವು. ಅಮರಯ್ಯಜ್ಜನವರನ್ನೂ ಫೋನಿನಲ್ಲಿ ಕೇಳಿದೆ. ಹರಕೆ ಮುಟ್ಟಿದೆ, ಬೆನ್ನು ಕೆಟ್ಟವನು ನಡೆದು ಬಂದು ಕಾಯಿ ಒಡೆಸಿದರೆ ಸಾಕು ಎಂದರು. ಮಾವನ ಚೀಲದಲ್ಲಿ ಹೊಸ ಚಪ್ಪಲಿ ಇವೆ, ಬೆಳಿಗ್ಗೆ ನೀನು ಮಲಗಿದ್ದಾಗ ಗಂಗಾ ಗೇಣು ಹಾಕಿ ಹೇಳಿದ ಅಳತೆ. ಗಂಗಾ ಓದಿ ಮುಗಿಸುವ ಮೊದಲೇ ಮೆಟ್ಟು. ಬಣ್ಣ ಸರಿಯಿಲ್ಲ, ಪಟ್ಟಿ ಬಿಗಿ, ದುಡ್ಡು ದಂಡ ಎಂದು ತಕರಾರು ತೆಗೆಯುತ್ತೀ, ನನಗೆ ಗೊತ್ತು. ತೆಗೆ. ಫೋನ್ ಮಾಡಿ ಬಾಯಿತುಂಬ ಬೈ. ನಾನೂ ಬಿಡುವುದಿಲ್ಲ.