ಐವತ್ತೆಂಟರ ಜಾಗದಲ್ಲಿ ಮೂವತ್ತು

ನವೆಂಬರ್ ೧೪, ಗುರುವಾರ

ಆ ಸಂಖ್ಯೆಯನ್ನು ಇವತ್ತು ನನ್ನ ಕೈಯಾರೆ ಅಳಿಸಿದೆ.

ಮೂರು ವಾರ ಮೂಗು ಮುಚ್ಚಿಕೊಂಡು ಲಾರಿಗಟ್ಟಲೆ ಕಸ ಕೆದಕಿ, ಓವನ್ನಿನಲ್ಲಿ ಒಣಗಿಸಿ, ತೂಗಿ ನೋಡಿದ್ದೆ. ನಮ್ಮೂರ ಕಸದಲ್ಲಿ ನೂರಕ್ಕೆ ಐವತ್ತೆಂಟು ಪಾಲು ನೀರು. ಕಸ ಸುಟ್ಟು ಊರಿಗೆ ಬಿಸಿನೀರು ಕೊಡುವ ನಮ್ಮ ಯೋಜನೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ಅದನ್ನೇ ಕೊಟ್ಟರೆ ಕುಲುಮೆ ಹೊತ್ತಿಕೊಳ್ಳುವುದೇ ಇಲ್ಲ, ಕಸ ಸುಡಲು ಡೀಸೆಲ್ ಸುರಿಯಬೇಕು. ಇನ್ನು ಆ ಶಾಖದಿಂದ ನೀರು ಕಾಯಿಸುವ ಮಾತೆಲ್ಲಿ?

ಬಾಸ್ ನನ್ನ ಕುರ್ಚಿಯ ಹಿಂದೆ ನಿಂತು, "ಅಷ್ಟೊಂದು ನೀರು ಯಾಕಮ್ಮಾ? ಸಾಫ್ಟ್‌ವೇರ್‌ನಲ್ಲಿ ಮೊದಲೇ ಮೂವತ್ತು ಅಂತ ಇತ್ತಲ್ಲ, ಅದನ್ನೇ ಇರೋಕೆ ಬಿಡು. ಅದನ್ನ ಮಾಡಿದೋರೇನು ದಡ್ಡರಾ?" ಎಂದರು.

ಬಿಟ್ಟೆ. ಪರದೆಯ ಮೇಲಿನ ಕೆಂಪು ಗೆರೆ ಹಸಿರಾಯಿತು. ನಾಲ್ಕು ಸಾವಿರ ಮನೆಗೆ ಬಿಸಿನೀರು! ಮೀಟಿಂಗಿನಲ್ಲಿ ಚಪ್ಪಾಳೆ. ನನಗೂ ಒಂದು ಹೊಗಳಿಕೆ, ನಾಯಿಗೆ ಬಿಸ್ಕತ್ತು ಎಸೆದ ಹಾಗೆ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಕಸದ ಬುಟ್ಟಿಯನ್ನು ಹೊರಗಿಡುತ್ತಿದ್ದರು. ತಳದಿಂದ ತೊಟ್ಟಿಕ್ಕಿದ ನೀರು ಬಾಗಿಲವರೆಗೂ ಗೆರೆ ಎಳೆದಿತ್ತು.

"ಅಲ್ಲ ಕಣೇ, ಕಸ ಸುಟ್ಟು ಮನೆಮನೆಗೆ ಬಿಸಿನೀರು ಕೊಡ್ತೀರಂತೆ. ಹಿಂಗೆ ಸೋರೋ ಕಸ ಹೇಗೆ ಉರಿಯುತ್ತೆ?"

ಮೀಟಿಂಗಿನಲ್ಲಿದ್ದ ಹದಿನಾರು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ.

"ಉರಿಯುತ್ತೆ ಅತ್ತೆ, ಲೆಕ್ಕ ಹಾಕಿದ್ದೀನಿ" ಎಂದೆ. ಅವರು ನಂಬಿದರು. ಅದೇ ಚುಚ್ಚುತ್ತಿದೆ.

ನೆಲ ಒರೆಸಿದವಳು ನಾನೇ. ಕಸದಿಂದ ನಾನು ತೆಗೆದ ಇಪ್ಪತ್ತೆಂಟು ಪಾಲು ಹಸಿ ಎಲ್ಲಿಗೆ ಹೋಯಿತೆಂದು ಆಗ ತಿಳಿಯಿತು. ಎಲ್ಲವೂ ನನ್ನ ಮಾತಿಗೆ ಬಂದು ಸೇರಿದೆ. ಹಸಿ ಸುಳ್ಳು ಅಂದರೆ ಇದೇ.