ಅದು ವೈರಸ್ ಅಲ್ಲವಂತೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಫೋನ್ ಮಾಡಿದಾಗಲೆಲ್ಲ "ಆಮೇಲೆ ಮಾತಾಡ್ತೀನಿ" ಎಂದು ಜಾರಿಕೊಂಡಿದ್ದಕ್ಕೆ ಸಿಟ್ಟಾಗಬೇಡ. ಬಾಯಿ ತೆರೆದರೆ ಅಳು ಬರುತ್ತದೆ, ಅದಕ್ಕೇ ಕಾಗದ. ಭಾವನ ಬೆನ್ನುನೋವು ಹೇಗಿದೆ? ಪುಟ್ಟಿಗೆ ಹಲ್ಲು ಬಂತಾ?

ಕ್ಲಾಸ್ ಮುಗಿಸಿ ಲ್ಯಾಬಿಗೆ ಹೋಗುತ್ತಿದ್ದೆನಲ್ಲ, ಆ ಕೆಲಸ ಹೋಯಿತು.

ಕೆಲಸ ಅಂದರೆ ಎಂಥದ್ದು ಅಂತೀಯಾ! ಜನ ತಂದುಕೊಡುವ ಅನುಮಾನದ ಫೈಲುಗಳನ್ನು, ಹೊರಗಿನ ನೆಟ್‌ವರ್ಕ್‌ಗೆ ಜೋಡಿಸದ ಒಂದು ಕಂಪ್ಯೂಟರಿನಲ್ಲಿ ತೆರೆದು, ಅವು ಏನೇನು ಕಿತಾಪತಿ ಮಾಡುತ್ತವೆಂದು ನೋಡಬೇಕು. ಒಳ್ಳೊಳ್ಳೆಯ ಮಾಲ್‌ವೇರ್ ಎಲ್ಲ ಕಾಯಂ ನೌಕರರಿಗೆ. ನನಗೆ ನಕಲಿ ಬಿಲ್ಲುಗಳ ರಾಶಿ, ಕಿಟಕಿಯಿಲ್ಲದ ಕೋಣೆ, ಕೂತರೆ ಒಂದು ಕಡೆ ವಾಲುವ ಕುರ್ಚಿ. ಏನು ಕೇಳಿದರೂ ಲ್ಯಾಬ್ ನಡೆಸುವ ಸರ್ ಬಾಯಲ್ಲಿ ಒಂದೇ ಮಾತು: "ಪಾರ್ಟ್ ಟೈಮ್ ನೀನು, ಹೇಳಿದ್ದಷ್ಟು ಮಾಡು."

ಹೋದ ವಾರ ಒಬ್ಬ ಟೈಲರ್ ಹೆಂಗಸು ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. "ನಾನು ಎಲ್ಲಿಗೆ ಹೋದ್ರೂ ನಮ್ಮ ಯಜಮಾನ್ರಿಗೆ ಗೊತ್ತಾಗುತ್ತೆ ಕಣಮ್ಮ. ಅಂಗಡೀಲಿ ಏನು ಮಾತಾಡ್ದೆ ಅನ್ನೋದೂ ಗೊತ್ತಾಗುತ್ತೆ. ಫೋನಲ್ಲಿ ಏನಾದ್ರೂ ಸೇರ್ಕೊಂಡಿದೆಯಾ ನೋಡು" ಎಂದರು.

ಸೇರಿಕೊಂಡಿತ್ತು. ಒಂದು ಸಾಧಾರಣ ಕ್ಯಾಲ್ಕ್ಯುಲೇಟರಿನ ವೇಷದಲ್ಲಿ. ಅವರು ಇರುವ ಜಾಗ, ಬರುವ ಮೆಸೇಜು, ಬೇಕೆಂದಾಗ ಸುತ್ತಲಿನ ಮಾತು, ಎಲ್ಲವನ್ನೂ ಕದ್ದು ಗಂಡನಿಗೆ ಕಳಿಸುತ್ತಿತ್ತು. ಕೊನೆಗೂ ನಿಜವಾದ ಕೆಲಸ ಮಾಡಿದೆನೆಂದು ಖುಷಿಯಿಂದ ಸರ್ ಹತ್ತಿರ ಓಡಿದೆ.

"ಫೋನ್ ಯಾರ ಹೆಸರಲ್ಲಿದೆ?"

"ಅವರ ಗಂಡನ ಹೆಸರಲ್ಲಿ ಸರ್."

"ಆ್ಯಪ್ ದುಡ್ಡು ಕೊಟ್ರೆ ಯಾರಿಗಾದ್ರೂ ಸಿಗೋದೇ ತಾನೆ?"

"ಹೌದು, ಕುಟುಂಬದ ಸುರಕ್ಷತೆಗೆ ಅಂತ ಮಾರ್ತಾರೆ. ಆದ್ರೆ..."

"ಆದ್ರೆ ಗೀದ್ರೆ ಏನಿಲ್ಲ. ಅದು ವೈರಸ್ ಅಲ್ಲ. ಗಂಡ ಹೆಂಡ್ತಿ ವಿಷ್ಯ ನಮಗ್ಯಾಕೆ? ಹಾನಿಕಾರಕ ಏನೂ ಸಿಗಲಿಲ್ಲ ಅಂತ ಬರೆದುಕೊಡು."

ಮೈ ಉರಿದುಹೋಯಿತು. ಫೋನನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಹೋಗಿ ಆ ಹೆಂಗಸಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಅಳಲಿಲ್ಲ.

"ತೆಗೆದುಬಿಡ್ಲಾ?" ಎಂದೆ.

"ಬೇಡ, ತೆಗೆದ್ರೆ ತಿಳಿಯುತ್ತೆ. ಫೋನ್ ಇಲ್ಲೇ ಇರಲಿ. ನಾನು ಅಣ್ಣನ ಮನೆಗೆ ಹೋಗ್ತೀನಿ" ಎಂದು ಟೇಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು.

ಸಂಜೆಯೊಳಗೆ ಗಂಡ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. "ನಮ್ಮನೆಯವ್ರು ಇಲ್ಲಿದ್ದಾರಲ್ಲ?" ಇಲ್ಲವೆಂದೆ. ನಕ್ಕ. ಅಷ್ಟರಲ್ಲಿ ಸರ್ ತಾವೇ ಫೋನ್ ತಂದು ಅವನ ಕೈಗಿತ್ತು, "ಹುಡುಗಿಗೆ ಇನ್ನೂ ಬುದ್ಧಿ ಸಾಲದು, ಬೇಜಾರು ಮಾಡ್ಕೋಬೇಡಿ" ಎಂದು ಕ್ಷಮೆ ಬೇರೆ ಕೇಳಿದರು! ಅವನು ಹೊರಡುವಾಗ ನನ್ನ ಕಡೆ ತಿರುಗಿ, "ಅವಳ ಒಳ್ಳೇದಕ್ಕೇ ಅಲ್ವೇನಮ್ಮ?" ಎಂದ. ಅವನು ಬಾಗಿಲು ದಾಟಿದ ಕೂಡಲೇ ಸರ್, "ನಾಳೆಯಿಂದ ಬರಬೇಡ" ಎಂದರು.

ಕಾಲೇಜಿನ ಮೇಡಂ ಹತ್ತಿರ ಹೇಳಿಕೊಂಡರೆ, "ಅನುಭವದ ಸರ್ಟಿಫಿಕೇಟ್ ಸಿಗೋವರೆಗಾದ್ರೂ ಬಾಯಿ ಮುಚ್ಕೊಂಡಿರಬಾರ್ದಿತ್ತಾ?" ಅಂತ ನನಗೇ ಬೈದರು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ನಿನ್ನೆ ಟೈಲರ್ ಅಂಗಡಿಗೆ ಹೋಗಿದ್ದೆ. ಬೀಗ ಹಾಕಿತ್ತು. ಅವರ ಅಣ್ಣ ಬಂದು ಹೊಲಿಗೆ ಮಿಷನ್ ಸಾಗಿಸಿಕೊಂಡು ಹೋದನೆಂದು ಪಕ್ಕದ ಬೇಕರಿಯವರು ಹೇಳಿದರು. ಇಷ್ಟರಲ್ಲಿ ಅದೊಂದೇ ಸಮಾಧಾನ.

ಭಾವನಿಗೆ ಭಾರ ಎತ್ತಬೇಡ ಅನ್ನು. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ಎಲ್ಲರೂ ಚೆನ್ನಾಗಿರಿ.

ನಿನ್ನ
ತರಲೆ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಆ್ಯಪಿನ ಗುರುತು ಸಿಕ್ಕಿದ ಮೇಲೆ ಸುಮ್ಮನೆ ನನ್ನ ಫೋನನ್ನೂ ನೋಡಿದೆ. ಕಾಲೇಜಿಗೆ ಸೇರುವಾಗ ನೀನು ಕೊಡಿಸಿದ ಫೋನು. ಇದರಲ್ಲೂ ಅದೇ ಇದೆ ಅಕ್ಕ, ಎಲ್ಲವೂ ನಿನ್ನ ಈಮೇಲಿಗೆ ಬರುತ್ತಿದೆ. ಲ್ಯಾಬಿಗೆ ಹೋಗುತ್ತಿಲ್ಲವೆಂದು ನಿನಗೆ ಆಗಲೇ ಗೊತ್ತಿತ್ತು. ಆದರೂ ಮೊನ್ನೆ "ಲ್ಯಾಬ್ ಹೇಗಿದೆಯೇ?" ಎಂದು ನೀನು ಕೇಳಿದೆ. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿ ಬೆಳೆಸಿದವಳು ನೀನು. ಕೇಳಿದ್ದರೆ ಏನನ್ನಾದರೂ ಮುಚ್ಚಿಡುತ್ತಿದ್ದೆನಾ? ತೆಗೆಯುವುದು ನನಗೆ ನಿಮಿಷದ ಕೆಲಸ. ತೆಗೆದಿಲ್ಲ. ನೀನೇ ಬಂದು, ನನ್ನ ಎದುರು ಕೂತು ತೆಗೆ.